ಎದುರು ಗೋಡೆಯ ಮಕ್ಕಳು

"ಹನ್ನೆರಡೆಂಟ್ಲ ಎಷ್ಟು?" ಎಂದು ಶಾಲೆಯ ತಪಾಸಣೆಗೆ ಬಂದ ಅಧಿಕಾರಿ ಕೇಳಿದ್ದು ನಾಲ್ಕನೇ ತರಗತಿಯನ್ನು. "ತೊಂಬತ್ತಾರು!" ಎಂಬ ಉತ್ತರ ಬಂದದ್ದು ಮಾತ್ರ ಅದೇ ಕೋಣೆಯಲ್ಲಿ ಅವರಿಗೆ ಬೆನ್ನು ಹಾಕಿ, ಎದುರು ಗೋಡೆ ನೋಡುತ್ತ ಕುಳಿತಿದ್ದ ಎರಡನೇ ತರಗತಿಯ ಪುಟ್ಟಿಯಿಂದ.

ಎರಡೂ ತರಗತಿಗೆ ಇದ್ದದ್ದು ಒಬ್ಬರೇ ಟೀಚರ್. ನಗರದ ಶಾಲೆಗಳನ್ನೆಲ್ಲ ಹೊಸದು ಮಾಡುತ್ತೇವೆಂಬ ಯೋಜನೆ ಬಂದಿತ್ತು. ಈ ಶಾಲೆಗೆ ಇನ್ನೊಬ್ಬ ಟೀಚರ್ ಬೇಕೋ ಬೇಡವೋ ಎಂದು ಅಧಿಕಾರಿ ಇವತ್ತು ಬರೆಯಬೇಕಿತ್ತು. ಎರಡು ಗೋಡೆಗೂ ಪಾಠ ಕೂಗಿ ಕೂಗಿ ಆಕೆಯ ಗಂಟಲು ಒಡಕು ಮಡಕೆಯಾಗಿತ್ತು. ಅಧಿಕಾರಿಯೋ ಹಿಗ್ಗಿ ಹೀರೇಕಾಯಿ! "ಭಲೇ ಹುಡುಗಿ! ಟೀಚರ್, ನೀವೊಬ್ಬರೇ ಇಬ್ಬರಿಗೆ ಸಮ. ಇನ್ನೊಬ್ಬರು ಬಂದ್ರೆ ಕೂತು ಹರಟೆ ಹೊಡೀಬೇಕಷ್ಟೇ!" ಎನ್ನುತ್ತ ಪೆನ್ನು ತೆರೆದರು.

"ಒಂದ್ನಿಮಿಷ ಸರ್," ಎಂದ ಟೀಚರ್, ಬೀಗುತ್ತಿದ್ದ ಹುಡುಗಿಯತ್ತ ಬಲು ಕಷ್ಟದಿಂದ ತಿರುಗಿದರು. "ಪುಟ್ಟಿ, ನಿನ್ನ ಪುಸ್ತಕದ ಪಾಠ ಓದು." ಪುಟ್ಟಿಯ ನಗು ಮಾಸಿತು. ಮೊದಲ ಅಕ್ಷರದ ಮೇಲಿಟ್ಟ ಬೆರಳು ಅಲ್ಲಿಂದ ಕದಲಲಿಲ್ಲ. "ಅವಳಿಗೆ ಓದೋಕೇ ಬರಲ್ಲ ಟೀಚರ್, ನಮ್ಮ ಮಗ್ಗಿ ಮಾತ್ರ ಕದೀತಾಳೆ!" ಎಂದು ನಾಲ್ಕನೆಯವರಲ್ಲಿ ಯಾರೋ ಕಿಸಕ್ಕೆಂದರು. ಪುಟ್ಟಿಯ ಕಣ್ಣು ತುಂಬಿತು.

ಟೀಚರ್ ಅವಳ ಪಕ್ಕ ನೆಲದಲ್ಲೇ ಕುಕ್ಕರಿಸಿದರು. "ತಪ್ಪು ನಿಂದಲ್ಲ ಚಿನ್ನ. ನೀನು ಓದೋ ಹೊತ್ತಲ್ಲಿ ನಾನು ಆ ಕಡೆ ತಿರುಗಿರ್ತೀನಿ," ಎಂದರು, ಅಧಿಕಾರಿಗೂ ಕೇಳುವಷ್ಟು ಗಟ್ಟಿಯಾಗಿ. ಪೆನ್ನು ಕಾಗದ ಮುಟ್ಟಲಿಲ್ಲ. ಅಧಿಕಾರಿ ಪುಟ್ಟಿಯ ಪಕ್ಕದ ಮಗುವಿನತ್ತ ಬಗ್ಗಿ, "ನೀನು ಓದು ಮರಿ," ಎಂದರು.

ಆ ಮಗು ಮೆಲ್ಲಗೆ ಪುಸ್ತಕ ಮುಚ್ಚಿತು.