ಹರಿಣಿಯ ಕೊನೆಯ ಸುತ್ತು

ಗಂಗುಲಪ್ಪ ಮೂರನೇ ಸಲ ಕೆಮ್ಮಿದಾಗ ಕೋಚ್ ಯಾಸೀನನಿಗೆ ರೇಗಿಹೋಯಿತು. ಚಿಂತಾಮಣಿಯ ಮಕ್ಕಳ ಚೆಸ್ ಟೂರ್ನಿಯ ಕೊನೆಯ ಸುತ್ತು ಅದು. ಒಳಗೆ ಆಡುತ್ತಿದ್ದವಳು ಗಂಗುಲಪ್ಪನ ಮಗಳು, ಹತ್ತು ವರ್ಷದ ಹರಿಣಿ. ಇದೊಂದು ಗೆದ್ದರೆ ರಾಜ್ಯಮಟ್ಟಕ್ಕೆ ಹೋಗುತ್ತಾಳೆ. ಅಪ್ಪನೋ, ಕಿಟಕಿಯ ಆಚೆ ನಿಂತು ಕೆಮ್ಮುತ್ತ, ಕುದುರೆ ನಡೆಸು ಎಂದು ಬೆರಳಾಡಿಸುತ್ತಿದ್ದ.

"ರೀ ಗಂಗುಲಪ್ನೋರೇ, ಹಿಂಗೆ ಹೊರಗಿಂದ ಹೇಳ್ಕೊಟ್ರೆ ಮಗೂನ ಆಟದಿಂದ್ಲೇ ತೆಗೆದ್ಬಿಡ್ತಾರೆ. ಎಷ್ಟು ಸಲ ಹೇಳೋದು ನಿಮ್ಗೆ?" ಯಾಸೀನ್ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಾನೇನ್ ಹೇಳ್ದೆ ಸಾರ್? ಗಂಟ್ಲು ಕೆರೀತು, ಕೆಮ್ದೆ."

ಅಷ್ಟರಲ್ಲಿ ಹರಿಣಿಯ ಕೈ ಕುದುರೆಯ ಕಡೆಗೇ ಹೋಯಿತು. ಅದನ್ನು ನಡೆಸಿದರೆ ರಾಣಿ ಹೋಗುತ್ತದೆಂದು ಯಾಸೀನನಿಗೆ ಥಟ್ಟನೆ ಕಂಡಿತು. ವಾರವಿಡೀ ಬಡಿದುಕೊಂಡಿದ್ದು ಇದನ್ನೇ ಅಲ್ಲವೇ! ತನಗೇ ಅರಿವಿಲ್ಲದೆ ಅವನು ಕಿಟಕಿಯ ಸರಳಿಗೆ ಮುಖ ಒತ್ತಿ, ಬೇಡ ಬೇಡವೆಂದು ತಲೆಯಾಡಿಸಿದ.

ಹರಿಣಿ ಕೈ ಹಿಂದೆಗೆದಳು. ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದಳು.

"ಮೇಡಂ, ಅಲ್ಲಿ ನಮ್ಮಪ್ಪ ಕೆಮ್ತಾನೇ ಇರ್ತಾರೆ. ನಮ್ ಸಾರ್ ತಲೆ ಅಲ್ಲಾಡಿಸ್ತಾರೆ. ಇಬ್ರನ್ನೂ ಗೇಟಿಂದ ಆಚೆ ಕಳ್ಸಿ ಮೇಡಂ. ನಂಗೆ ಯೋಚ್ನೆ ಮಾಡಕ್ಕೇ ಬಿಡ್ತಿಲ್ಲ."

ತೀರ್ಪುಗಾರರು ಕಿಟಕಿಯತ್ತ ತಿರುಗುವ ಮೊದಲೇ ಯಾಸೀನ್ ಗಂಗುಲಪ್ಪನ ತೋಳು ಹಿಡಿದು ಗೇಟಿನ ಕಡೆ ಹೊರಟ. ದಾರಿಯುದ್ದಕ್ಕೂ ಬೈಯಬೇಕೆಂದಿದ್ದವನು, ಆಚೆ ಬಂದು ತಾನೇ ಗೇಟು ಎಳೆದು ಮುಚ್ಚಿದ.