ಗೀಟು ಹೊಡೆದ ಜಾಗ

"ಈ ಜಾಗಕ್ಕೆ ಯಾಕ್ರೀ ಗೀಟು ಹೊಡೆದಿದೀರಾ? ಇಡೀ ಕಣಿವೆ ಕಾಣೋದೇ ಅಲ್ಲಿಂದ. ಕಾರೂ ಅಲ್ಲೀತನಕ ಹೋಗುತ್ತೆ!" ಫೋಟೋಗ್ರಾಫರ್ ಆಗಿದ್ದ ಹೆಂಡತಿ ನಕ್ಷೆಯ ಮೇಲೆ ಬೆರಳು ಕುಟ್ಟಿದಳು. ಅಪಘಾತದಲ್ಲಿ ಒಂದು ಕಾಲು ಹೋದ ಮೇಲೆ ಇದು ಅವಳ ಮೊದಲ ಪ್ರವಾಸ. ದರ್ಜಿ ಗಂಡ ಹೆಚ್ಚು ನಡೆಯಬೇಕಿಲ್ಲದ ಜಾಗಗಳನ್ನೇ ಆರಿಸಿ, ಕಾರಿನಿಂದ ಎಷ್ಟು ಹೆಜ್ಜೆ ಎಂದು ಒಂದೊಂದರ ಪಕ್ಕವೂ ಬರೆದಿದ್ದ: ಹದಿನಾಲ್ಕು, ಮೂವತ್ತೊಂದು, ಇಪ್ಪತ್ತೆರಡು.

"ಅಲ್ಲಿ ಊರುಗೋಲು ಜಾರುತ್ತೆ ಕಣೇ."

"ಅಂಗಡಿ ಬಿಟ್ಟು ಅಲ್ಲಾಡದ ನಿಮಗೆ ಹೇಗೆ ಗೊತ್ತು? ಯಾರೋ ಬುರುಡೆ ಬಿಟ್ಟಿರ್ತಾರೆ."

ಅವನು ಕತ್ತರಿ ಹುಡುಕತೊಡಗಿದ. ಕತ್ತರಿ ಅವನ ಕೈಯಲ್ಲೇ ಇತ್ತು. ಅವಳ ಕಣ್ಣು ಅವನ ಮೊಣಕೈಯ ಬ್ಯಾಂಡೇಜಿನ ಮೇಲೆ ನಿಂತಿತು. ಅಂಗಡಿ ಮೆಟ್ಟಿಲಲ್ಲಿ ಬಿದ್ದೆ ಅಂದಿದ್ದ.

ಹೊಸವು ಬಂದ ಮೇಲೆ ತಿಂಗಳುಗಳಿಂದ ತಾನು ಮುಟ್ಟದ ಹಳೆಯ ಊರುಗೋಲುಗಳು ಬಾಗಿಲ ಹಿಂದೆ ಇದ್ದವು. ಒಂದನ್ನು ಎಳೆದು ತಿರುಗಿಸಿದಳು. ಅಡಿಯ ರಬ್ಬರು ಸವೆದು, ಅದಕ್ಕೆ ಕೆಂಪು ಮಣ್ಣು ಮೆತ್ತಿತ್ತು. ಹಿಡಿ ಅವಳ ಎತ್ತರಕ್ಕಿರಲಿಲ್ಲ. ಅವನ ಎತ್ತರಕ್ಕೆ ಏರಿತ್ತು. ಒಂದು ಕಾಲು ಮಡಚಿಕೊಂಡು, ಪ್ರತಿಯೊಂದು ಜಾಗದಲ್ಲೂ ಕುಂಟಿ ನೋಡಿದ್ದ ಪುಣ್ಯಾತ್ಮ.

"ರೀ... ಎಷ್ಟು ಆಳಕ್ಕೆ ಬಿದ್ರಿ?"

"ಅದನ್ನ ಅಳೀಲಿಲ್ಲ," ಅಂದ ದರ್ಜಿ.