ಖಾಲಿ ಮಿಕ್ಸಿ

ವೈಕುಂಠ ಸಮಾರಾಧನೆಯ ಊಟ ಮುಗಿಯುವಷ್ಟರಲ್ಲಿ ಸತ್ತವರ ಮುಖ ಎಲ್ಲರ ಫೋನು, ಟಿವಿಗಳಿಂದ ಅಳಿಸಿಹೋಗಬೇಕು; ಕಾನೂನು ಅದು. ಪಂಕಜಾಕ್ಷಿಯ ಅಡುಗೆಮನೆ ಅಟ್ಟದ ಸರ್ವರ್‌ನಲ್ಲಿ ಮಾತ್ರ ಹಳೆಯ ವಿಡಿಯೋಗಳು ಮುಖಸಮೇತ ಉಳಿದಿದ್ದವು. ನೆಂಟರು, ಸ್ನೇಹಿತರು, ಅವರಿಗೆ ಗೊತ್ತಿದ್ದವರು ತಮ್ಮ ತಮ್ಮ ಮನೆಯಿಂದಲೇ ಕದ್ದುಮುಚ್ಚಿ ನೋಡುತ್ತಿದ್ದರು. ಮಹಾಲಯ ಅಮಾವಾಸ್ಯೆಯ ದಿನ ಎಲ್ಲರೂ ಒಂದೇ ಹೊತ್ತಿಗೆ ನೋಡಲು ಕೂತರೆ ಸರ್ವರ್‌ನ ಫ್ಯಾನು ಬೊಬ್ಬೆ ಹಾಕುತ್ತಿತ್ತು.

ತಪಾಸಣೆಯವರು ಬರುವುದೂ ಅಂದೇ. ಬಾಗಿಲು ಬಡಿದ ಸದ್ದಿಗೆ ಪಂಕಜಾಕ್ಷಿ ಗಾಬರಿಯಲ್ಲಿ ಮಿಕ್ಸಿ ಹಾಕಿ, ಓಡಿಹೋಗಿ ಬಾಗಿಲು ತೆಗೆದಳು.

“ವಡೆಗೆ ರುಬ್ತಾ ಇದೀನಿ ಸಾರ್.”

ಅಧಿಕಾರಿ ನೆಟ್ಟಗೆ ಅಡುಗೆಮನೆಗೇ ಬಂದ. ಅಟ್ಟದತ್ತ ಕತ್ತೆತ್ತಿದ. ಮಿಕ್ಸಿ ನಿಲ್ಲಿಸಿ ಮುಚ್ಚಳ ತೆಗೆದ. ಜಾರು ಖಾಲಿ. ನೆನೆಸಿದ ಉದ್ದಿನಬೇಳೆ ಪಕ್ಕದ ಪಾತ್ರೆಯಲ್ಲೇ ಇತ್ತು. ಮೇಲೆ ಅಟ್ಟದಲ್ಲಿ ಫ್ಯಾನು ಭರ್ರೆನ್ನುತ್ತಿತ್ತು.

ಅವನು ಬೇಳೆಯನ್ನು ತಾನೇ ಜಾರಿಗೆ ಸುರಿದು, ಮುಚ್ಚಳ ಒತ್ತಿ ಹಿಡಿದು ಮಿಕ್ಸಿ ಹಾಕಿದ.

“ಖಾಲಿ ಓಡಿದ್ರೆ ಸದ್ದೇ ಬೇರೆ ಅಮ್ಮಾ, ಹೊರಗೆ ಜೀಪಲ್ಲಿರೋ ಸಾಹೇಬ್ರಿಗೆ ಗೊತ್ತಾಗತ್ತೆ,” ಎಂದು ಅವಳ ಕಿವಿಯ ಬಳಿ ಬಗ್ಗಿ ಹೇಳಿದ. “ನಿಲ್ಲಿಸಬೇಡಿ. ನಮ್ಮಮ್ಮ ಈಗಷ್ಟೇ ಅಪ್ಪನ್ನ ನೋಡೋಕೆ ಕೂತಿದಾಳೆ.”